ಬರೆಯದೆ ಬಿಟ್ಟ ವರ್ಷ

ಕ್ರಿ.ಶ. ೨೨೧೪, ಮೊದಲ ಸೊಳ್ಳೆ ಎದ್ದ ಒಂಬತ್ತನೆಯ ದಿನ
ಕಾವಲುಮನೆ, ಉತ್ತರ ಟಂಡ್ರಾ

ಸ್ಫೂರ್ತಿ ಮುಳಗುಂದ ಅವರಿಗೆ, ಆರನೆಯ ತಲೆಮಾರಿನ ಮೊಮ್ಮಗಳು ನೀಲಾಂಬಿಕೆಯ ನಮಸ್ಕಾರಗಳು.

ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಪತ್ರವನ್ನು ಹರಿದುಹಾಕಬೇಡಿ. ನಿಮಗೀಗ ಇಪ್ಪತ್ತೊಂಬತ್ತು, ಮದುವೆಯೂ ಆಗಿಲ್ಲ, ನನಗೆ ಅರವತ್ತೊಂದು. ಆದರೂ ನಿಮ್ಮನ್ನು ಅಜ್ಜಿ ಎನ್ನದೆ ಬೇರೇನನ್ನೂ ಅನ್ನಲು ಬಾಯಿ ಬರುವುದಿಲ್ಲ, ಸಿಟ್ಟಾಗಬಾರದು. ನನ್ನ ಕನ್ನಡ ಅಲ್ಲಲ್ಲಿ ಕುಂಟಿದರೆ ಕ್ಷಮಿಸಿ. ನಿಮ್ಮ ಕಾಲದ ಮಾತನ್ನು ನೀವು ನಿಮ್ಮವ್ವನಿಗೆ ಬರೆದ ಕಾಗದಗಳಿಂದಲೇ ಕಲಿತಿದ್ದೇನೆ. ಇದು ‘ಹಿಂದೋಲೆ’. ಯಾರ ಕೈಬರಹದ ಮೂಲ ಕಾಗದ ನಮ್ಮ ಬಳಿ ಉಳಿದಿದೆಯೋ ಅವರಿಗೆ ಮಾತ್ರ, ಜನ್ಮಕ್ಕೊಮ್ಮೆ ಮಾತ್ರ, ಕಾಲದಲ್ಲಿ ಹಿಂದಕ್ಕೆ ಕಳಿಸಬಹುದಾದ ಓಲೆ. ಹೇಗೆ ಹೋಗುತ್ತದೆಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ನೀವು ಮೂರು ಬೇಸಿಗೆ ಡೇರೆ ಹೊಡೆದಿದ್ದ ದಿಬ್ಬದ ಮೇಲೆಯೇ ನಮ್ಮ ಮನೆಯಿದೆ. ನಿಮ್ಮ ಕಾಲದಲ್ಲಿ ಒಂದು ಮೊಳ ಅಗೆದರೆ ಕಲ್ಲಿನಂತೆ ಹೆಪ್ಪುಗಟ್ಟಿದ ನೆಲ ಸಿಗುತ್ತಿತ್ತಂತೆ. ಈಗ ಕೋಲು ಚುಚ್ಚಿದರೆ ಕೋಲೇ ಒಳಗೆ ಹೋಗುತ್ತದೆ. ಮನೆ ವರ್ಷಕ್ಕೊಂದು ಗೇಣು ಕೂರುತ್ತದೆ. ಪ್ರತಿ ವಸಂತದಲ್ಲಿ ನಾನೂ ನನ್ನ ಅಣ್ಣನ ಹೆಂಡತಿ ಕಾಶಿ ವೈನಿಯೂ ನಾಲ್ಕು ಮೂಲೆಗೂ ಜಾಕ್ ಕೊಟ್ಟು ಎತ್ತುತ್ತೇವೆ. ನೀವು ಪಾದ ಮುಳುಗುವಷ್ಟು ಎಂದು ಬರೆದ ವಿಲೋ ಗಿಡಗಳು ಈಗ ತಲೆ ಮೀರಿ ಬೆಳೆದಿವೆ, ಅವುಗಳ ಸಂದಿಯಲ್ಲಿ ನರಿ ಕೂತರೆ ಕಾಣುವುದಿಲ್ಲ. ವರ್ಷವನ್ನು ನಾವು ಮೊದಲ ಸೊಳ್ಳೆಯಿಂದ ಎಣಿಸುತ್ತೇವೆ. ಹಿಮ ಕರಗಿದ ದಿನದಿಂದ ಎಣಿಸುವ ರೂಢಿಯಿತ್ತು. ನಿಲ್ಲುವಷ್ಟು ಹಿಮ ಬೀಳುವುದೇ ನಿಂತಮೇಲೆ ಆ ರೂಢಿ ಬಿಟ್ಟುಹೋಯಿತು. ಮರಿಗಳಿಗೆ ಹುಳುವೇ ಅನ್ನ. ಹುಳು ಎರಡು ವಾರ ಮೊದಲೇ ಎದ್ದು ಸತ್ತುಹೋದರೆ, ಆಮೇಲೆ ಒಡೆದ ಮೊಟ್ಟೆಯಿಂದ ಬಂದ ಮರಿ ಖಾಲಿ ಬಯಲಿನಲ್ಲಿ ಓಡಾಡಿ ಮೂರನೆಯ ದಿನ ಕೂತಲ್ಲೇ ಕೂರುತ್ತದೆ. ಅದನ್ನು ನೋಡಿದ ದಿನ ನಾವಿಬ್ಬರೂ ಒಲೆ ಹಚ್ಚುವುದಿಲ್ಲ.

ನಾವು ಇಲ್ಲಿರುವುದು ಒಂದೇ ಹಕ್ಕಿಗಾಗಿ. ಚಳಿಗಾಲದಲ್ಲಿ ನಿಮ್ಮೂರ ಕೆರೆಯ ಕೆಸರಿನಲ್ಲಿ ಹೊಲಿಗೆ ಯಂತ್ರದ ಸೂಜಿಯಂತೆ ಕೊಕ್ಕು ಆಡಿಸುವ, ಗುಬ್ಬಿ ಗಾತ್ರದ ಕಿರು ಉಲ್ಲಂಕಿ. ಚಿಕ್ಕವರಿದ್ದಾಗ ನೀವು ಅದರ ಹಿಂದೆ ಬಿದ್ದೇ ಇಷ್ಟು ದೂರ ಬಂದಿರಿ. ಅದರ ಗೂಡೆಂದರೆ ಅಂಗೈಯಷ್ಟು ಗುಳಿ, ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಕ್ಕೆ. ಒಂದು ಗೂಡನ್ನು ಗಂಡಿಗೆ ಒಪ್ಪಿಸಿ ಹೆಣ್ಣು ಇನ್ನೊಂದರ ಮೇಲೆ ತಾನು ಕೂರುತ್ತದೆ ಎಂದು ನೀವು ಬರೆದಿದ್ದನ್ನು ಓದಿ ವೈನಿ ಬಹಳ ನಕ್ಕಿದ್ದರು. ಬಯಲಿನಲ್ಲಿ ಆ ಹಕ್ಕಿ ತೀರಿಹೋಗಿ ಇಪ್ಪತ್ತೆರಡು ವರ್ಷವಾಯಿತು. ನಾವು ಬಲೆಮನೆಯಲ್ಲಿ ಸಾಕಿ ಎಪ್ಪತ್ತೈದಕ್ಕೆ ತಂದೆವು. ಇನ್ನು ಬಯಲಿಗೆ ಬಿಡಬೇಕು, ಎಲ್ಲಿ ಬಿಡಬೇಕು ಎಂಬ ಪ್ರಶ್ನೆ ಬಂದಾಗ, ಒಂದೊಂದು ಕಣಿವೆಯಲ್ಲೂ ಬೇಸಿಗೆಗೆ ಎಷ್ಟು ಮರಿ ಉಳಿದವೆಂದು ನೀವು ಲೆಕ್ಕ ತುಂಬಿಟ್ಟ ಫಾರಂಗಳನ್ನು ತೆಗೆದೆವು.

ಕೆಂಗಲ್ಲು, ಜೋಡಿಹೊಂಡ, ಬೆಣಚಿ. ಮೂರು ಕಣಿವೆಗಳಿಗೂ ನೀವಿಟ್ಟ ಹೆಸರೇ ಇವತ್ತಿಗೂ. ಮೊದಲೆರಡು ಬೇಸಿಗೆಯ ಸಾಲುಗಳಲ್ಲಿ ಎಲ್ಲವೂ ಚೆಂದ: ಲೆಮಿಂಗ್ ಎಂಬ ಮೊಂಡುಬಾಲದ ಇಲಿಗಳು ಹೇರಳ, ನರಿಗಳಿಗೆ ಅವುಗಳಿಂದಲೇ ಹೊಟ್ಟೆ ತುಂಬಿ ಗೂಡುಗಳು ಕ್ಷೇಮ, ಮರಿಗಳು ಬೇಕಾದಷ್ಟು. ಮೂರನೆಯ ಬೇಸಿಗೆಯ ಸಾಲು ಮಾತ್ರ ಮೂರೂ ಕಣಿವೆಗಳಿಗೂ ಖಾಲಿ. ಆ ವರ್ಷ ನೀವು ಬಂದಿರಲಿಲ್ಲವೆಂದು ನಾನು ತಿಳಿದೆ. ಎಲ್ಲಕ್ಕಿಂತ ಹೆಚ್ಚು ಮರಿ ಕಂಡಿದ್ದ ಕೆಂಗಲ್ಲನ್ನು ಆರಿಸಿದವಳು ನಾನೇ. ಹೋದ ವರ್ಷ ಅರವತ್ತನಾಲ್ಕು ಹಕ್ಕಿಗಳನ್ನು ಅಲ್ಲಿ ಬಿಟ್ಟೆವು. ಇಪ್ಪತ್ತಮೂರು ಗೂಡು ಕಟ್ಟಿದವು. ನರಿಗಳು ಒಣ ಹಳ್ಳದ ದಾರಿ ಹಿಡಿದು ಬಂದವು, ಹನ್ನೆರಡನೆಯ ದಿನಕ್ಕೆ ಒಂದು ಮೊಟ್ಟೆಯೂ ಇರಲಿಲ್ಲ. ಗೂಡು ಕಳೆದುಕೊಂಡ ಹಕ್ಕಿಗಳು ದಕ್ಷಿಣಕ್ಕೆ ಹಾರಿಹೋದವು, ಈ ವರ್ಷ ಒಂದೂ ಮರಳಲಿಲ್ಲ.

ಕಳೆದ ಚಳಿಗಾಲ, ನಿಮ್ಮ ಕಾಗದಗಳನ್ನಿಟ್ಟ ಪೆಟ್ಟಿಗೆಯ ತಳದಲ್ಲಿ ವೈನಿಗೆ ಒಂದು ಕಾಗದ ಸಿಕ್ಕಿತು. ಮೂರನೆಯ ಬೇಸಿಗೆ ಮುಗಿದಮೇಲೆ ನಿಮ್ಮವ್ವನಿಗೆ ಬರೆದದ್ದು. ‘ಈ ವರ್ಷ ಇಲಿ ಒಂದೂ ಇರಲಿಲ್ಲ. ಮೂರು ಕಣಿವ್ಯಾಗ ಒಂದರಾಗಷ್ಟ ಮರಿ ಉಳದ್ವು. ಉಳದೆರಡಕ್ಕ ಇಲ್ಲ ಅಂತ ಬರಿಯಾಕ ಕೈ ಬರವಲ್ದು ಯವ್ವಾ, ಆ ಸಾಲ ಬಿಟ್ಟಬಿಡ್ತೀನಿ.’ ಯಾವ ಕಣಿವೆ ಎಂದು ಹೇಳಿಲ್ಲ. ಓದಿ ನನಗೆ ನಿಮ್ಮ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಮೂರು ದಿನ ನಿಮ್ಮ ಹೆಸರೆತ್ತಲಿಲ್ಲ. ವೈನಿಯೇ ಸಮಾಧಾನ ಹೇಳಿದರು: ‘ಅಜ್ಜಿದೊಂದ ತಪ್ಪಲ್ಲ ಬಿಡವಾ. ನಮ್ಮನ್ಯಾಗ ಅಕ್ಕಿ ತೀರಿದ್ರ ತುಂಬೇತಿ ಅಂತೀವಿ, ದೀಪ ಆರಿದ್ರ ದೊಡ್ಡದಾತು ಅಂತೀವಿ. ಇಲ್ಲ ಅನ್ನಾಕ ನಮಗ ಯಾವಾಗ ಬಂದೈತಿ?’ ನಿಜ. ನಾನೂ ಹೋದ ವರ್ಷದ ವರದಿಯಲ್ಲಿ ಮರಿಗಳ ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟಿದ್ದೆ. ಅದನ್ನು ಮೊನ್ನೆ ತುಂಬಿದೆ.

ಅಜ್ಜಿ, ನಿಮ್ಮ ಒಳ್ಳೆಯ ವರ್ಷಗಳಿಂದ ನಮಗೆ ಯಾವ ಉಪಯೋಗವೂ ಇಲ್ಲ. ಲೆಮಿಂಗ್ ತುಂಬಿದ ಬೇಸಿಗೆಯನ್ನು ಇಲ್ಲಿ ಬದುಕಿರುವ ಯಾರೂ ಕಂಡಿಲ್ಲ. ನೀವು ಬರೆಯದೆ ಬಿಟ್ಟ ಆ ಒಂದು ವರ್ಷವಿದೆಯಲ್ಲ, ನಮ್ಮ ಎಲ್ಲ ವರ್ಷಗಳೂ ಅದರಂತೆಯೇ. ಅಂಥ ಬೇಸಿಗೆಯಲ್ಲೂ ನರಿಯ ಕಾಲು ಹೋಗದ ನೆಲ ಒಂದಿತ್ತು, ಅದನ್ನು ಕಣ್ಣಾರೆ ಕಂಡವರು ಲೋಕದಲ್ಲಿ ನೀವೊಬ್ಬರೇ.

ಬಲೆಮನೆಯಲ್ಲಿ ಈಗ ಹನ್ನೊಂದು ಹಕ್ಕಿಗಳಿವೆ. ಮೊಟ್ಟೆಯಿಡುವ ಉಮೇದು ಅವಕ್ಕೆ ಈ ವಾರ ಮಾತ್ರ. ನಾಳೆ ಬಿಡದಿದ್ದರೆ ಈ ಬೇಸಿಗೆ ಹೋದಂತೆ, ಮುಂದಿನದಕ್ಕೆ ಇವು ಮುದಿಯಾಗಿರುತ್ತವೆ. ಕೆಂಗಲ್ಲು ಬಿಟ್ಟು ಉಳಿದೆರಡು ಕಣಿವೆಗೂ ಹಂಚಿದರೆ ಐದಾರು ಹಕ್ಕಿಗಳು ಜೊತೆ ಕಟ್ಟುವುದಿಲ್ಲ. ನರಿಗಳು ಮೊಟ್ಟೆಯ ವಾಸನೆ ಹಿಡಿದೇ ಬರುವುದರಿಂದ ಮೊದಲೇ ಹೋಗಿ ನೋಡಿದರೂ ಏನೂ ಕಾಣುವುದಿಲ್ಲ. ಜೋಡಿಹೊಂಡವೋ ಬೆಣಚಿಯೋ, ನನಗೆ ತಿಳಿಯದು. ಕೆಂಗಲ್ಲೇ ಆ ಒಂದು ಕಣಿವೆಯಾಗಿದ್ದರೆ ಎಂಬ ಯೋಚನೆಯೂ ಬರುತ್ತದೆ, ಅದನ್ನು ವೈನಿಯ ಮುಂದೆ ಹೇಳಿಲ್ಲ.

ಈ ಓಲೆ ತಲುಪುವಾಗ ಫಾರಂ ಇನ್ನೂ ನಿಮ್ಮ ಮೇಜಿನ ಮೇಲಿದೆ, ಟಪಾಲಿಗೆ ಹಾಕಿಲ್ಲ. ಅದೇ ಹಾಳೆ, ಹಳದಿಯಾಗಿ, ಈಗ ನನ್ನ ಮುಂದಿದೆ; ನೀವು ಅಲ್ಲಿ ಬರೆದದ್ದು ಇಲ್ಲಿ ಮೂಡಬೇಕು. ಹಕ್ಕಿಗಳ ಬುಟ್ಟಿ ಎತ್ತುವ ಮುನ್ನ ಬೆಳಿಗ್ಗೆ ಒಂದು ಸಲ ನೋಡುತ್ತೇನೆ. ಸಾಲು ಖಾಲಿಯಿದ್ದರೆ ವೈನಿ ಕಣ್ಣು ಮುಚ್ಚಿ ಕೈ ತೋರಿಸಿದ ಕಡೆಗೆ ಹೋಗುತ್ತೇವೆ.

ಮರಿ ಉಳಿದ ಕಣಿವೆಯ ಮುಂದೆ ಎಷ್ಟೆಂದು ಬರೆಯಿರಿ. ಆಮೇಲೆ ಎದೆ ಗಟ್ಟಿ ಮಾಡಿಕೊಂಡು ಇನ್ನೆರಡರ ಮುಂದೆಯೂ ಬರೆಯಿರಿ, ಅಜ್ಜಿ: ಇಲ್ಲ. ಇಲ್ಲ.

ನಿಮ್ಮ
ನೀಲಾಂಬಿಕೆ