ಪದದ ಪೆಟ್ಟಿಗೆಯ ಬಿಡುಗಡೆ ಕೋರಿ

ಸಮಸ್ತ ಕಪಾಟುಗಳ ಬೀಗದಕೈಗಳಿಗೆ ಒಡೆಯರೂ, ‘ಸದ್ದು ಮಾಡಬೇಡಿ’ ಫಲಕಗಳ ಪರಮಪೋಷಕರೂ ಆದ ಗ್ರಂಥಾಲಯಾಧಿಕಾರಿ ಮಹೋದಯರ ದಿವ್ಯ ಸನ್ನಿಧಾನಕ್ಕೆ,

ಬಾಗಿಲ ಪಕ್ಕದ ಸ್ಟೂಲಿನ ಮೇಲಿದ್ದ ನಮ್ಮ ಪದದ ಪೆಟ್ಟಿಗೆಯನ್ನು ತಾವು ಕಳೆದ ಶುಕ್ರವಾರ ವಶಪಡಿಸಿಕೊಂಡಿರಿ. ‘ನಿಘಂಟಿನಲ್ಲಿಲ್ಲದ ಪದಗಳನ್ನು ಪೂರ್ವಾನುಮತಿಯಿಲ್ಲದೆ ಒಳಗೆ ತರತಕ್ಕದ್ದಲ್ಲ’ ಎಂದು ಗೋಡೆಗೆ ಆದೇಶವನ್ನೂ ಅಂಟಿಸಿದಿರಿ. ಪೆಟ್ಟಿಗೆ ಎಂದರೆ ಚಪ್ಪಲಿಯ ರಟ್ಟಿನ ಡಬ್ಬಿ, ಸ್ವಾಮಿ. ಬೇರೆಯವರಿಗೆ ಗೊತ್ತಿರಲಾರದ ಪದವೊಂದನ್ನು ಯಾರಾದರೂ ಚೀಟಿಯಲ್ಲಿ ಬರೆದು ಹಾಕುವುದು, ಉಳಿದವರು ಅದರ ಕೆಳಗೆ ಅರ್ಥ ಊಹಿಸಿ ಬರೆಯುವುದು, ಶನಿವಾರ ಪದದ ಯಜಮಾನರು ಬಂದು ನಿಜ ಹೇಳುವುದು. ಇಷ್ಟೇ ನಮ್ಮ ಒಳಸಂಚು. ನಲವತ್ತು ವರ್ಷ ಅಂಗಿ ತೊಟ್ಟ ವಕೀಲರೊಬ್ಬರು, ಗುಂಡಿ ತೂರುವ ತೂತಿಗೆ ‘ಕಾಜ’ ಎಂಬ ಹೆಸರಿದೆಯೆಂದು ದರ್ಜಿಯಮ್ಮನಿಂದ ಕಲಿತರು. ಇದರಿಂದ ಯಾವ ಕಪಾಟು ಕುಸಿಯಿತು? ಅಷ್ಟಕ್ಕೂ ಆ ಪದ ನಿಘಂಟಿನಲ್ಲಿದೆಯೋ ಇಲ್ಲವೋ ತಾವು ತೆಗೆದು ನೋಡಿದಿರಾ? ನಾನು ನಿಘಂಟಿನ ಮೇಲೆ ಬೆರಳಿಟ್ಟು ನೋಡಿದೆ. ಧೂಳು ಅಲುಗಿಲ್ಲ.

ಇನ್ನು ನನ್ನ ಚಿಕ್ಕಪ್ಪನ ವಿಷಯ. ಅವರದು ಗಾರೆ ಕೆಲಸ. ತಮ್ಮ ಕಚೇರಿಯ ಹಿಂಗೋಡೆ ಕಟ್ಟಿದವರು ಅವರೇ, ಒಳಗೆ ಮಾತ್ರ ಕಾಲಿಟ್ಟಿರಲಿಲ್ಲ. ಓದುಬರಹವಿಲ್ಲದ ತನ್ನ ಹತ್ತಿರ ಪದವೆಲ್ಲಿಂದ ಬರಬೇಕು ಎನ್ನುತ್ತಿದ್ದವರು, ನಾನು ತಿಂಗಳುಗಟ್ಟಲೆ ಪೀಡಿಸಿದ ಮೇಲೆ ‘ರಸಮಟ್ಟ’ ಎಂದು ನನ್ನಿಂದ ಬರೆಸಿ ಹಾಕಿದರು. ವಾರದಲ್ಲಿ ಇಪ್ಪತ್ತಮೂರು ಊಹೆ! ನಿವೃತ್ತ ಮೇಷ್ಟ್ರೊಬ್ಬರು ಅದು ಕಾವ್ಯದ ಗುಣ ಅಳೆಯುವ ಸೂತ್ರವೆಂದು ಒಂದೂವರೆ ಪುಟ ಬರೆದರು. ಅದನ್ನು ಓದಿಸಿಕೊಂಡ ಚಿಕ್ಕಪ್ಪ ಮೂರು ದಿನ ನಕ್ಕರು. ಶನಿವಾರ ಕ್ಷೌರ ಮಾಡಿಸಿ, ಇಸ್ತ್ರಿ ಅಂಗಿ ತೊಟ್ಟು, ಗಾಜಿನೊಳಗಿನ ಗುಳ್ಳೆ ನಡುವೆ ನಿಂತರೆ ಕಟ್ಟಡ ಮಟ್ಟಸವಾಗಿದೆ ಎನ್ನುವ ಆ ರಸಮಟ್ಟದ ಪಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಸ್ಟೂಲು ಖಾಲಿ. ತಮ್ಮ ಆದೇಶವನ್ನು ನಾನೇ ಓದಿ ಹೇಳಬೇಕಾಯಿತು.

“ಬಿಡೋ,” ಎಂದರು. “ಓದಿದೋರ ಜಾಗದಲ್ಲಿ ನಮ್ಮ ಮಾತಿಗೇನು ಕೆಲಸ. ನಂಗಾಗ್ಲೇ ಗೊತ್ತಿತ್ತು.”

ಊಟಕ್ಕೆ ಕೂತಾಗ ಕರಣೆ, ಮೂಲೆಮಟ್ಟ, ತೂಗುಗುಂಡು ಎಂದು ದಿನಕ್ಕೊಂದು ಸಲಕರಣೆಯ ಪದ ಬಡಿಸುತ್ತಿದ್ದವರು ಈಗ ‘ಉಪ್ಪು ಕೊಡು’ ಎಂಬಲ್ಲಿಗೆ ಮಾತು ನಿಲ್ಲಿಸುತ್ತಾರೆ.

ಆದ್ದರಿಂದ ಪೆಟ್ಟಿಗೆ ಬರುವ ಶನಿವಾರದೊಳಗೆ ಸ್ಟೂಲಿಗೆ ಮರಳತಕ್ಕದ್ದು. ಚಿಕ್ಕಪ್ಪನಿಗೆ ತಮ್ಮ ಮೊಹರು, ಸಹಿಯುಳ್ಳ ಆಹ್ವಾನ ಹೋಗತಕ್ಕದ್ದು. ನಾನು ಕರೆದರೆ ಅವರಿನ್ನು ಬರುವುದಿಲ್ಲ.

ಕೊನೆಗೊಂದು ಸಣ್ಣ ಸಂಗತಿ. ಪೆಟ್ಟಿಗೆಯ ವಿರುದ್ಧ ‘ನೊಂದ ಭಾಷಾಭಿಮಾನಿ’ ಎಂಬ ಸಹಿಯಲ್ಲಿ ತಮಗೊಂದು ದೂರು ಬಂದಿತ್ತಲ್ಲ, ಅದನ್ನು ತಮಾಷೆಗೆ ಬರೆದವನು ನಾನು. ತಮ್ಮ ಕಚೇರಿಯಲ್ಲಿ ಅರ್ಜಿಗಳನ್ನು ಓದುತ್ತಾರೆಂದು ನನಗೆ ತಿಳಿದಿರಲಿಲ್ಲ. ಈ ಬಹಿರಂಗ ಪತ್ರ ಅಚ್ಚಾಗಲಿರುವ ಪತ್ರಿಕೆಯನ್ನು ಚಿಕ್ಕಪ್ಪನಿಗೆ ಓದಿ ಹೇಳುವವನೂ ನಾನೇ. ಈ ನಾಲ್ಕು ಸಾಲು ಓದುವುದೋ, ಹಾರಿಸುವುದೋ, ಇನ್ನೂ ತೀರ್ಮಾನವಾಗಿಲ್ಲ.

ಇಂತಿ,
ಚಿಕ್ಕಪ್ಪನ ಎದುರು ಕೂತು ಉಣ್ಣಲಾರದ ಅಣ್ಣನ ಮಗ