ಸೇತುವೆಯ ಚಿತ್ರಕ್ಕೆ ಅಮ್ಮನಿಟ್ಟ ಕುಂಕುಮ

ಪ್ರೀತಿಯ ಅಪ್ಪ,

ನೀನು ಮೊದಲ ಚೀನೀ ಚಿತ್ರ ತಂದ ದಿನ ನೆನಪಿದೆಯಾ? ಚೈನಾಟೌನಿನ ಕಲಾವಿದರೊಬ್ಬರಿಂದ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದೆ. ಸುರುಳಿ ಬಿಚ್ಚಿದರೆ ಮಂಜಿನಲ್ಲಿ ನಮ್ಮೂರು ಫೋರ್ಟ್ ಲೀಯ ಸೇತುವೆ, ಅದೂ ಕಪ್ಪು ಶಾಯಿಯ ನಾಲ್ಕೇ ಗೀಟಿನಲ್ಲಿ. "ಇದೇನ್ರೀ, ಅರ್ಧಕ್ಕೇ ಬಿಟ್ಟಿದಾರಲ್ಲ!" ಎಂದಳು ಅಮ್ಮ. "ಬಿಟ್ಟಿರೋ ಜಾಗಾನೇ ಚಿತ್ರ ಕಣೆ," ಎಂದೆ ನೀನು. ಆಮೇಲೆ ಅಂಥವು ಏಳಾದವು. ಮನೆಗೆ ಬಂದವರೆಲ್ಲ ಕಾಫಿಗೆ ಮೊದಲು ನಿನ್ನ ಲೆಕ್ಚರ್ ಕೇಳಬೇಕಾಗುತ್ತಿತ್ತು, ಪಾಪ.

ಆ ಆಯುಧಪೂಜೆಯ ದಿನ... ಅದನ್ನು ಹೇಳದೆ ಮುಂದೆ ಹೋಗಲಾರೆ. ನೀನು ಆಫೀಸಿನಲ್ಲಿದ್ದೆ. ಅಮ್ಮ ಕಾರಿಗೆ, ಮಿಕ್ಸಿಗೆ, ನನ್ನ ಲ್ಯಾಪ್‌ಟಾಪಿಗೆ ಕುಂಕುಮವಿಟ್ಟಳು. ನಿನಗೆ ಎಲ್ಲಕ್ಕಿಂತ ಪ್ರೀತಿಯ ಸೇತುವೆಯನ್ನು ಬಿಡುವುದು ಹೇಗೆ? ಗಾಜಿಲ್ಲದ, ಬರಿಯ ಕಾಗದದ ಚಿತ್ರ. ಮೂಲೆಯಲ್ಲಿ ಕಲಾವಿದರ ಕೆಂಪು ಮುದ್ರೆ ಇತ್ತಲ್ಲ, "ಅವರೂ ಕೆಂಪು ಇಟ್ಟಿದಾರೆ, ಪಕ್ಕದಲ್ಲಿ ನಮ್ದೂ ಇರ್ಲಿ" ಎಂದು ಒಂದು ಬೊಟ್ಟು ಇಟ್ಟೇಬಿಟ್ಟಳು. ಸಂಜೆ ಬಂದು ನೋಡಿ ನೀನು ಎಷ್ಟು ಕೂಗಾಡಿದೆ! ಒಬ್ಬಟ್ಟನ್ನೂ ಮುಟ್ಟಲಿಲ್ಲ. ಚಿತ್ರವನ್ನು ಸುತ್ತಿ ಬಟ್ಟೆಯ ಕ್ಲಾಸೆಟ್‌ಗೆ ಸೇರಿಸಿದೆ.

ಆಮೇಲೆ ನೀನೇ ಎಷ್ಟು ಸಲ ಗೋಗರೆದೆ, "ತಪ್ಪಾಯ್ತು ಕಣೆ, ಮತ್ತೆ ಹಾಕೋಣ" ಎಂದು. "ಬೇಡ್ರೀ, ನೋಡಿದ್ರೆ ನಾನು ಹಾಳ್ಮಾಡಿದ್ದೇ ಕಾಣತ್ತೆ" ಎನ್ನುತ್ತಿದ್ದಳು. ಹಾಲ್‌ನಲ್ಲಿ ಅದನ್ನು ತೂಗುಹಾಕಿದ್ದ ಮೊಳೆ ಖಾಲಿಯೇ ಉಳಿಯಿತು. ನೀನು ತೀರಿಹೋದ ಮೇಲೂ ಉಳಿದ ಆರನ್ನು ಧೂಳು ಒರೆಸುವುದಕ್ಕೂ ಮುಟ್ಟಲಿಲ್ಲ ಅವಳು. ತಾನು ಮುಟ್ಟಿದ್ದು ಹಾಳಾಗುತ್ತದೆ ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ನನಗೆ ಅದೇ ಸಂಕಟ.

ಹೋದ ಶನಿವಾರ ಲಿನ್ ಎಂಬವರು ಬಂದಿದ್ದರು. ಪ್ರಿನ್ಸ್‌ಟನ್ ಹತ್ತಿರ ಸಣ್ಣ ಗ್ಯಾಲರಿ ನಡೆಸುವವರು, ನಿನ್ನ ಚಿತ್ರಗಳನ್ನು ಪ್ರದರ್ಶನಕ್ಕೆ ಕೇಳಿದ್ದರು. ಆರನ್ನೂ ನೋಡಿ, "ಏಳು ಅಂದಿದ್ದಿರಲ್ಲ?" ಎಂದರು. ನಾನು ಕ್ಲಾಸೆಟ್ ತೆರೆದೆ. ಅಮ್ಮ ಅಡುಗೆಮನೆಗೆ ಓಡಿದಳು. ಲಿನ್ ಬೊಟ್ಟನ್ನು ನೋಡಿದರು, ಬಗ್ಗಿ ಮತ್ತೆ ನೋಡಿದರು. "ಯಾರು ಇಟ್ಟಿದ್ದು?" ಅಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದು, "ಐ ಡಿಡ್. ಪೂಜಾ. ವೆರಿ ಸಾರಿ," ಎಂದಳು.

ಲಿನ್ ನಕ್ಕೇಬಿಟ್ಟರು, ಅಪ್ಪ! ಚೀನೀಯರಲ್ಲಿ ಚಿತ್ರದ ಒಡೆಯರು, ಇದು ನನಗೆ ಪ್ರಿಯ ಎಂದು, ತಮ್ಮ ಕೆಂಪು ಮುದ್ರೆಯನ್ನು ಚಿತ್ರದ ಮೇಲೆಯೇ ಒತ್ತುತ್ತಾರಂತೆ. ಹಳೆಯ ಚಿತ್ರಗಳಲ್ಲಿ ಅಂಥ ಮುದ್ರೆಗಳು ಸಾಲುಸಾಲಾಗಿರುತ್ತವಂತೆ. "ನಿಮ್ಮ ಯಜಮಾನರು ಒಂದಕ್ಕೂ ಒತ್ತಿಲ್ಲ. ನೀವು ಒತ್ತಿದ್ದೀರಿ," ಎಂದರು. ಅಷ್ಟೆಲ್ಲ ಲೆಕ್ಚರ್ ಕೊಡುತ್ತಿದ್ದ ನಿನಗೆ ಇದು ಗೊತ್ತಿರಲಿಲ್ಲವಾ? ಅಥವಾ ಗೊತ್ತಾದ ಮೇಲೇ ತಪ್ಪಾಯ್ತು ಎಂದೆಯಾ...

ಕೊನೆಗೆ ಲಿನ್‌ಗೆ ಎಲ್ಲಕ್ಕಿಂತ ಬೇಕಾಗಿದ್ದು ಅದೇ ಚಿತ್ರ. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನನಗೆ ಹೇಳಿದಳು: "ಆರೂ ತಗೊಂಡ್ಹೋಗ್ಲಿ ಕಣೆ. ಅವು ನಿಮ್ಮಪ್ಪಂದು. ಇದು ನಂದು, ಕೊಡಲ್ಲ ಅಂತ ಹೇಳು."

ಈಗ ಹಾಲ್‌ನಲ್ಲಿ ಆರು ಮೊಳೆ ಖಾಲಿ, ಒಂದರಲ್ಲಿ ಸೇತುವೆ. ಇವತ್ತು ಬೆಳಿಗ್ಗೆ ಅಮ್ಮ ತಾನೇ ಅದರ ಧೂಳು ಕೊಡವಿದಳು. ಅಷ್ಟರಲ್ಲಿ ಮೇಲಿನ ಮನೆಯ ಆಂಟಿ ಬಂದರು, ಚಿತ್ರ ನೋಡಿ, "ಇದೇನ್ರೀ, ಪೂರ್ತಿ ಬರೆದೇ ಇಲ್ವಲ್ಲ!" ಎಂದರು. ಅಮ್ಮ ಕಾಫಿಯನ್ನೂ ಕೊಡದೆ ಶುರು ಮಾಡಿದಳು ಅಪ್ಪ: "ಬಿಟ್ಟಿರೋ ಜಾಗಾನೇ ಚಿತ್ರ ಕಣ್ರೀ. ಕೂತ್ಕೊಳ್ಳಿ, ಹೇಳ್ತೀನಿ."

ನಿನ್ನ ಮಗಳು