ಫಾಜಿಲ್ ಕಟ್ಟದ ಹದಿನೆಂಟು ರೂಪಾಯಿ

ಚಿಂತಾಮಣಿ
೮ ಆಗಸ್ಟ್ ೨೦೨೫, ಶುಕ್ರವಾರ

ನನ್ನ ಮುದ್ದಿನ ತಮ್ಮ ಫಾಜಿಲ್‌ಗೆ ಜಬೀನ್ ಅಕ್ಕನ ಸಲಾಂ.

ಹೇಗಿದ್ದೀಯಪ್ಪ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಹೊಟ್ಟೆ ನೋವು ಕಡಿಮೆಯಾಯಿತಾ? ನಿನ್ನ ಸ್ನೇಹಿತ ಗಂಗರಾಜು ನೀನಿರುವ ಊರು ಹೇಳಲಿಲ್ಲ, ಕಾಗದ ಮಾತ್ರ ಮುಟ್ಟಿಸುತ್ತೇನೆಂದ. ಉರ್ದುವಿನಲ್ಲಿ ಬರೆದರೆ ಈಗ ನನ್ನ ಜೊತೆಗಿರುವ ಅಮ್ಮಿ ಓದಿಬಿಡುತ್ತಾರೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕುಡುಮಲಕುಂಟೆಯ ನಿನ್ನ ಕ್ರೇಟು ಕಾರ್ಖಾನೆಗೆ ಬೀಗ ಬಿದ್ದು ಮೂರು ತಿಂಗಳಾಗಿರುವುದು ಅವರಿಗಿನ್ನೂ ಗೊತ್ತಿಲ್ಲ.

ನಮ್ಮ ಅಂಗಡಿಗೆ ಜಿಎಸ್‌ಟಿ ತೆರಿಗೆ ನೋಟಿಸು ಬಂದಿದೆ. ಆಡಿಟರ್ ಮಧುಸೂದನ್ ನನ್ನನ್ನು ಕೂರಿಸಿಕೊಂಡು ಮಗುವಿಗೆ ಹೇಳಿದಂತೆ ಹೇಳಿದರು. ನಿನ್ನಿಂದ ನೂರು ರೂಪಾಯಿಗೆ ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟು ಕೊಂಡಾಗ ಮೇಲೆ ಹದಿನೆಂಟು ತೆರಿಗೆಯನ್ನು ನಿನ್ನ ಕೈಗೇ ಕೊಟ್ಟಿರುತ್ತೇವೆ. ಅದನ್ನು ನೂರೈವತ್ತಕ್ಕೆ ಮಾರಿದರೆ ಗಿರಾಕಿಯಿಂದ ಇಪ್ಪತ್ತೇಳು ತೆರಿಗೆ ವಸೂಲಾಗುತ್ತದೆ. ನಿನಗೆ ಕೊಟ್ಟ ಹದಿನೆಂಟನ್ನು ಕಳೆದು ಸರ್ಕಾರಕ್ಕೆ ಒಂಬತ್ತನ್ನಷ್ಟೇ ಕಟ್ಟುತ್ತೇವೆ. ಹಾಗೆ ಕಳೆಯುವ ಹಕ್ಕಿಗೇ ಕ್ರೆಡಿಟ್ಟು ಅನ್ನುತ್ತಾರಂತೆ. ಆದರೆ ನೀನು ರಿಟರ್ನ್ ಸಲ್ಲಿಸಿ ಆ ಹದಿನೆಂಟನ್ನು ಕಟ್ಟಿದ್ದರೆ ಮಾತ್ರ ಅದು ನಮಗೆ ಉಳಿಯುವುದು. ಬೀಗ ಹಾಕುವುದಕ್ಕೆ ಮುಂಚೆ ಎಂಟು ತಿಂಗಳು ನೀನು ಕಟ್ಟೇ ಇಲ್ಲವಲ್ಲೋ! ಈಗ ನಾವು ಕಳೆದುಕೊಂಡಿದ್ದ ಅಷ್ಟನ್ನೂ ನಾವೇ ಮತ್ತೆ ಕಟ್ಟಬೇಕಂತೆ.

ತಪ್ಪು ನನ್ನದೂ ಇದೆ. ತಿಂಗಳು ತಿಂಗಳು ಮಧುಸೂದನ್ ಎಲ್ಲರ ಬಿಲ್ಲು ತಾಳೆ ನೋಡುವಾಗ, "ಅದು ನಮ್ ತಮ್ಮಂದು ಸಾರ್, ಅದನ್ನೇನ್ ನೋಡ್ತೀರ, ಬಿಡಿ" ಎನ್ನುತ್ತಿದ್ದವಳು ನಾನೇ. ತವರಿನವರ ಲೆಕ್ಕ ಕೇಳಬಾರದೆಂದು ಬೆಳೆದವಳು. ನಿನ್ನ ಭಾವ ಸಾದಿಕ್ ಒಂದು ಮಾತೂ ಬೈಯದೆ ಅಂಗಡಿ ಹಿಂದಿನ ಗೋದಾಮು ಮಾರಿಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ನಿನ್ನ ಮೇಲೆ ನನಗೆ ಕೆಟ್ಟ ಕೋಪ ಬಂದಿದೆ ಫಾಜಿಲ್. ನೀನು ಏನಾದರೂ ಮಾಡಿಕೊಂಡೀಯೆಂಬ ಭಯ ಅದಕ್ಕಿಂತ ಹೆಚ್ಚು.

ಎಲ್ಲಿದ್ದರೂ ಅಲ್ಲಾಹ್ ನಿನ್ನನ್ನು ಕಾಯಲಿ. ಮಗಳು ಸಾಬ್ರೀನ್ ಮಾಮೂಗೆ ಸಲಾಂ ಹೇಳಿದ್ದಾಳೆ.

ನಿನ್ನ ಅಕ್ಕ,
ಜಬೀನ್

ತಾ.ಕ.: ಗಂಗರಾಜು ಬಾಗಿಲಲ್ಲಿ ಕಾಯುತ್ತಿದ್ದಾನೆ. ಗೋದಾಮಿನ ಹಣ ಕೈಯಲ್ಲಿದೆ. ಅದನ್ನು ನಮ್ಮ ಹೆಸರಲ್ಲಿ ಕಟ್ಟಿದರೆ ಅಂಗಡಿಯೊಂದೇ ಉಳಿಯುತ್ತದೆ, ನಿನ್ನ ಹೆಸರಲ್ಲಿ ಕಟ್ಟಿದರೆ ನೀನೂ ಉಳಿಯುತ್ತೀಯ. ಭಾವ ಒಪ್ಪಿದ್ದಾರೆ. ನೋಟಿಸಿನ ಗಡುವು ಇಪ್ಪತ್ತನೇ ತಾರೀಖು, ಅಷ್ಟರೊಳಗೆ ನೀನು ಬಾಕಿ ರಿಟರ್ನ್‌ಗಳನ್ನು ಸಲ್ಲಿಸು, ಸಾಕು. ಅದರ ಓಟಿಪಿ ನೀನು ನೋಂದಣಿಯಲ್ಲಿ ಬರೆಸಿರುವ ಅಮ್ಮಿಯ ನಂಬರಿಗೇ ಬರುತ್ತದೆ, ಬಂದ ತಕ್ಷಣ ಗಂಗರಾಜುವಿಗೆ ಹೇಳುತ್ತೇನೆ, ಅವನು ನಿನಗೆ ಫೋನಿನಲ್ಲಿ ತಿಳಿಸಲಿ. ಫೋನು ಟಿಂಗ್ ಎಂದಾಗಲೆಲ್ಲ ಅಮ್ಮಿ ನಿನ್ನ ಮೆಸೇಜೇನೋ ಎಂದು "ಫಾಜಿಲ್ ಕಾ?" ಎನ್ನುತ್ತ ನನ್ನ ಕೈಗೆ ಕೊಡುತ್ತಾರೆ. ಒಂದು ಸಲವಾದರೂ ನಾನು ಹೌದು ಎನ್ನುವ ಹಾಗೆ ಮಾಡು.